ಕಂಚಿಲಪದವು ಶಾಲೆಯ ಬಾಗಿಲು

ನಾರಾವಿಯಿಂದ ವೇಣೂರಿಗೆ ಹೋಗುವ ಒಳದಾರಿಯಲ್ಲಿರುವ ಕಂಚಿಲಪದವಿನವರು ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಬೇಡವೆನಿಸಿದರೆ ‘ನೋಡುವ’ ಎನ್ನುತ್ತಾರೆ. ಹೆಣ್ಣು ಕೇಳಲು ಬಂದವರಿಗೆ, ಎತ್ತು ಕೇಳಲು ಬಂದವರಿಗೆ, ಮತ ಕೇಳಲು ಬಂದವರಿಗೆ ಎಲ್ಲರಿಗೂ ಇದೇ ಉತ್ತರ. ಕೇಳಿದವನಿಗೆ ವಿಷಯ ಅರ್ಥವಾಗುತ್ತದೆ, ಮರುದಿನ ದಾರಿಯಲ್ಲಿ ಎದುರಾದರೆ ಇಬ್ಬರೂ ಎಲೆಯಡಿಕೆ ಹಾಕಿಕೊಳ್ಳುವುದಕ್ಕೆ ಅಡ್ಡಿಯೂ ಇರುವುದಿಲ್ಲ. ಇಂಥ ಊರಿನವರು ೧೯೫೮ರ ಬೇಸಗೆಯಲ್ಲಿ ಎಲ್ಲರೂ ಕೂಡಿ ಒಂದು ಮಣ್ಣಿನ ಶಾಲೆ ಕಟ್ಟಿದರು.

ಶಾಲೆ ಅದಕ್ಕೂ ಎರಡು ವರ್ಷ ಮೊದಲಿನಿಂದ ಇತ್ತು, ಕಟ್ಟಡ ಇರಲಿಲ್ಲ. ಊರ ನಡುವಿನ ಬೋಳು ದಿಣ್ಣೆಯೇ ಪದವು; ಅದರ ಮೂಡು ಬದಿಯಲ್ಲಿ ಎತ್ತರದ ಬೆಟ್ಟು, ಪಡು ಬದಿಯಲ್ಲಿ ತಗ್ಗಿನ ಬೈಲು. ಬೆಟ್ಟಿನಲ್ಲಿ ಸಂಕಪ್ಪ ಶೆಟ್ಟರ ಮನೆ ಮತ್ತು ಅವರ ದಾಯಾದಿಗಳ ನಾಲ್ಕು ಮನೆಗಳು. ಬೈಲಿನಲ್ಲಿ ಅವರ ಒಕ್ಕಲುಗಳ ಇಪ್ಪತ್ತೆರಡು ಮನೆಗಳು. ಪಾಠ ನಡೆಯುತ್ತಿದ್ದುದು ಶೆಟ್ಟರ ಚಾವಡಿಯಲ್ಲಿ. ಬೆಟ್ಟಿನ ಮಕ್ಕಳು ಚಾವಡಿಯ ಮೇಲೆ ಕೂರುತ್ತಿದ್ದರು, ಬೈಲಿನ ಮಕ್ಕಳು ಅಂಗಳದಲ್ಲಿ. ಮೇಲೆ ಬರಬೇಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬನ್ನಿರೆಂದೂ ಹೇಳಿರಲಿಲ್ಲ. ಹಿಂದಿನ ವರ್ಷ ಶಾಲೆಯ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು, ಒಂದು ಜೋರು ಮಳೆ ಬಿದ್ದೊಡನೆ ಮುಕ್ಕಾಲು ಶಾಲೆ ಎದ್ದು ಮನೆಗೆ ಓಡಿದ್ದನ್ನು ಕಂಡು, ಕನ್ನಡಕ ಒರೆಸಿಕೊಂಡು, ‘ಮುಂದಿನ ಜೂನಿನೊಳಗೆ ಸ್ವಂತ ಕಟ್ಟಡ, ಉದ್ದ ಮೂವತ್ತಡಿ, ಅಗಲ ಇಪ್ಪತ್ತಡಿ. ತಪ್ಪಿದಲ್ಲಿ ಶಾಲೆ ರದ್ದು’ ಎಂದು ಬರೆದು ಹೋದರು.

ಶಾಲೆ ರದ್ದಾದರೆ ಊರು ಹಿಂದೆ ಇದ್ದ ಹಾಗೆಯೇ ಇರುತ್ತಿತ್ತು. ಪದ್ಮಾಕ್ಷಿ ಟೀಚರಿಗೆ ಹಾಗಿರಲಿಲ್ಲ. ಶಾಲೆಗೆ ಇದ್ದ ಒಬ್ಬರೇ ಟೀಚರು ಅವರು, ನೌಕರಿ ತಾತ್ಕಾಲಿಕ. ಶಾಲೆ ಹೋದರೆ ಅದೂ ಹೋಗುತ್ತಿತ್ತು. ಆಮೇಲೆ ಮೂಡಬಿದಿರೆಯ ಅಣ್ಣನ ಮನೆ. ಅಲ್ಲಿ ಅತ್ತಿಗೆ ದಮಯಂತಿಗೆ ನಾಲ್ಕನೆಯ ಬಸುರು. ‘ಶಾಲೆ ಮುಚ್ಚುವುದಂತೆ, ಒಳ್ಳೆಯದೇ ಆಯಿತು. ಇಲ್ಲಿ ಒಲೆಯ ಬುಡಕ್ಕೆ ಒಂದು ಜನ ಬೇಕಿತ್ತು’ ಎಂದು ಅತ್ತಿಗೆ ಕಾಗದ ಬರೆದಿದ್ದಳು. ಟೀಚರು ಆ ಕಾಗದವನ್ನು ಮೂರು ಸಲ ಓದಿದರು. ತಪ್ಪು ಹುಡುಕಲು ಅದರಲ್ಲಿ ಕಾಗುಣಿತವೊಂದೇ ಸಿಕ್ಕಿತು.

ಮಾರ್ಚ್ ತಿಂಗಳ ಎರಡನೆಯ ಆದಿತ್ಯವಾರ ಊರು ಪದವಿನಲ್ಲಿ ಸೇರಿತು. ಮಾಡಿಗೆ, ಎಂದರೆ ಸೂರಿಗೆ, ಬೇಕಾದ ಬಿದಿರು, ಅಡಕೆ ಮರದ ಸೀಳಿದ ಸಲಕೆ, ಹೊದಿಸುವ ಮುಳಿಹುಲ್ಲು ಮತ್ತು ಬಾಗಿಲು ಶೆಟ್ಟರದು. ಮನೆಗೆ ಇಬ್ಬರಂತೆ ಆಳು ಬೈಲಿನವರದು. ಕೂಲಿ ಇಲ್ಲ; ಮಧ್ಯಾಹ್ನ ಗಂಜಿ ಉಂಟು, ಒಂದು ವಾರ ಬೆಟ್ಟಿನದ್ದು, ಒಂದು ವಾರ ಬೈಲಿನದ್ದು. ಗೋಡೆಯ ಮೇಸ್ತ್ರಿಯಾಗಿ ವೇಣೂರಿನ ಕಡೆಯ ಮೊಯ್ದೀನ್ ಬ್ಯಾರಿ ಬಂದರು. ದಾರವಿಲ್ಲದೆ, ಒಂದು ಕಣ್ಣು ಮುಚ್ಚಿ ನೋಡಿಯೇ ಗೋಡೆ ಬಾಗಿದೆಯೋ ಇಲ್ಲವೋ ಹೇಳಬಲ್ಲ ಮನುಷ್ಯ. ಎರಡೂ ಕಣ್ಣು ತೆರೆದರೆ ತನಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆಂದು ಅವರೇ ಹೇಳುತ್ತಿದ್ದರು.

ಮಣ್ಣನ್ನು ಮೂರು ದಿನ ಮೊದಲೇ ಅಗೆದು ನೀರು ಹಾಕಿ ಬಿಟ್ಟಿದ್ದರು. ಬೆಳಿಗ್ಗೆ ಇಪ್ಪತ್ತು ಜನ ಅದರಲ್ಲಿ ಇಳಿದು, ಬೈಹುಲ್ಲಿನ ಚೂರು ಹಾಕಿ ತುಳಿದರು. ಹೆಂಗಸರು ಅದನ್ನು ತೆಂಗಿನಕಾಯಿ ಗಾತ್ರದ ಉಂಡೆ ಮಾಡಿ ಸಾಲಿನಲ್ಲಿ ಒಬ್ಬರಿಂದೊಬ್ಬರಿಗೆ ಎಸೆದರು. ಗೋಡೆಯ ಮೇಲೆ ಕೂತವನು ಉಂಡೆಯನ್ನು ಹಿಡಿದು ಜೋರಾಗಿ ಬಡಿದು ಕೂರಿಸಬೇಕು. ಮೆಲ್ಲ ಇಟ್ಟರೆ ಒಳಗೆ ಗಾಳಿ ಉಳಿದು ಬಿರುಕು ಬಿಡುತ್ತದೆ. ಒಂದು ದಿನಕ್ಕೆ ಸುತ್ತಲೂ ಒಂದೇ ವರಸೆ, ಎತ್ತರ ಮೊಳಕ್ಕೆ ಸ್ವಲ್ಪ ಕಡಿಮೆ. ಆಮೇಲೆ ಒಂದು ವಾರ ಒಣಗಬೇಕು. ಅವಸರ ಮಾಡಿದರೆ ಕೆಳಗಿನ ವರಸೆ ಹೊಟ್ಟೆ ಬಿಡುತ್ತದೆ. ಏಳು ವರಸೆಗೆ ಏಳು ಆದಿತ್ಯವಾರ.

ಮೊದಲ ಉಂಡೆ ಕೂರುವ ಮುಂಚೆ ಮೊಯ್ದೀನ್ ಕೇಳಿದರು, “ಬಾಗಿಲು ಎಲ್ಲಿ ಬಿಡುವುದು?”

“ಮೂಡಕ್ಕೆ. ಮತ್ತೆಲ್ಲಿ?” ಎಂದರು ಸಂಕಪ್ಪ ಶೆಟ್ಟರು. “ವಿದ್ಯೆ ಕಲಿಯುವ ಜಾಗ. ಸೂರ್ಯನ ಬೆಳಕು ಬೀಳಬೇಕು. ಮಳೆಯ ಎರಚಲೂ ಇಲ್ಲ.”

ಮೂಡಕ್ಕೆಂದರೆ ಬೆಟ್ಟಿನ ಕಡೆಗೆ. ಬೈಲಿನ ಹಿರಿಯ ಹುಕ್ರಪ್ಪ ಕೆಸರು ಕಾಲಿನಲ್ಲೇ ನಿಂತು ಆಲೋಚಿಸಿದ. “ಧನಿಗಳು ಹೇಳಿದ ಮೇಲೆ ಎಂತ ಉಂಟು? ಪಡುವಕ್ಕಾದರೆ ನಮ್ಮ ಮಕ್ಕಳಿಗೆ ದಾರಿ ಸಮ ಆಗ್ತಿತ್ತು. ಇಲ್ಲದಿದ್ದರೆ ಬೆಟ್ಟಿನ ಅಂಗಳಕ್ಕೆ ಹತ್ತಿ ಸುತ್ತು ಹಾಕಿ ಬರ್ಬೇಕು. ಆಗಲಿ, ನೋಡುವ.”

“ಹೌದು, ನೋಡುವ” ಎಂದರು ಶೆಟ್ಟರು.

ಎರಡು ಕಡೆಯಿಂದಲೂ ‘ನೋಡುವ’ ಬಂದದ್ದನ್ನು ಕೇಳಿ ಮೊಯ್ದೀನ್ ಒಂದು ಕಣ್ಣು ಮುಚ್ಚಿದರು. “ಹೇಗೂ ಹೊಸ್ತಿಲು ಬೇಕಲ್ಲ. ಈ ವರಸೆ ಸುತ್ತ ಹಾಕಿಬಿಡುವ” ಎಂದರು. ಎಲ್ಲರಿಗೂ ಸಮಾಧಾನವಾಯಿತು.

ಎರಡನೆಯ ಆದಿತ್ಯವಾರವೂ ಬಾಗಿಲು ನಿಶ್ಚಯವಾಗಲಿಲ್ಲ. ಆ ವರಸೆಯನ್ನು ಕಾಲೆತ್ತಿ ದಾಟಬಹುದಿತ್ತು. ಮೂರನೆಯದನ್ನು ಮುಂಡು ಎತ್ತಿ ಕಟ್ಟಿ ದಾಟಿದರು. ನಾಲ್ಕನೆಯ ವರಸೆ ಮುಗಿದ ಸಂಜೆ ಒಳಗೆ ಉಳಿದಿದ್ದ ಆರು ಜನರನ್ನು ಏಣಿ ಇಟ್ಟು ಹೊರಗೆ ತೆಗೆಯಬೇಕಾಯಿತು. ತೆಂಕು ಬಡಗಿನ ಗೋಡೆಗಳಲ್ಲಿ ಸರಳಿನ ಕಿಟಕಿಗಳು ಯಾವ ತಕರಾರಿಲ್ಲದೆ ಕೂತವು. ಬಡಗು ಬದಿಯಲ್ಲಿ ನಾಲ್ಕು ಮಾರು ದೂರಕ್ಕೇ ಮುರಕಲ್ಲಿನ ಎತ್ತರದ ಬರೆ, ಗೋಡೆಯಂತೆ ಕಡಿದಾದ ದಿಬ್ಬ; ಅತ್ತ ಬಾಗಿಲಿಟ್ಟರೆ ಮಕ್ಕಳು ಬರೆಗೆ ಮುಖ ಹೊಡೆದುಕೊಳ್ಳಬೇಕು. ಯಮನದಾದ ತೆಂಕಣ ದಿಕ್ಕಿಗೆ ಬಾಗಿಲಿಡುವ ಮಾತನ್ನು ಯಾರೂ ಬಾಯಿಗೆ ಕೂಡ ತರುವುದಿಲ್ಲ.

“ಎರಡು ಬಾಗಿಲು ಇಟ್ಟರೆ?” ಎಂದು ಟೀಚರು ಗಂಜಿಯ ಹೊತ್ತಿಗೆ ಮೊಯ್ದೀನರಲ್ಲಿ ಕೇಳಿದರು.

“ಇಡಬಹುದು ಟೀಚರೇ. ಆಗ ಒಂದು ಹಿಂಬಾಗಿಲು ಆಗ್ತದೆ. ಅದು ಯಾರದ್ದು ಅಂತ ಆಮೇಲೆ ಕೇಳ್ತಾರೆ.”

ಟೀಚರು ಆ ಸಂಜೆ ತಾವು ವಾಸವಿದ್ದ ಸೇಸಮ್ಮನ ಮನೆಗೆ ಬಂದು ಗೋಡೆಗೊರಗಿ ಕೂತರು. ಸೇಸಮ್ಮ ಪದವಿನ ಅಂಚಿನಲ್ಲಿ ಒಬ್ಬಳೇ ಇರುವ ವಿಧವೆ. ಬೆಟ್ಟಿಗೂ ಸೇರದೆ ಬೈಲಿಗೂ ಸೇರದೆ ಎರಡೂ ಕಡೆಯ ಸುದ್ದಿ ತಿಳಿದವಳು.

“ಏನಂತೆ ಶಾಲೆ?”

“ಗೋಡೆ ಏಳ್ತಾ ಉಂಟು. ಬಾಗಿಲೇ ಇಲ್ಲ.”

“ಬೀಗದ ಖರ್ಚು ಉಳಿಯಿತು” ಎಂದಳು ಸೇಸಮ್ಮ, ಬಸಳೆ ಸೊಪ್ಪು ಬಿಡಿಸುತ್ತ. “ನೀವು ಮಧ್ಯೆ ಬಾಯಿ ಹಾಕ್ಬೇಡಿ ಮಾರಾಯರೇ. ಬಾಗಿಲು ಮೂಡಕ್ಕೆ ಅಂತ ಇವತ್ತು ಆದ್ರೆ ಬೈಲಿನವರಿಗೆ ನಾಳೆಯಿಂದ ಜ್ವರ. ಒಬ್ಬೊಬ್ಬರಿಗೇ ಬರ್ತದೆ. ಪಡುವಕ್ಕೆ ಅಂತ ಆದ್ರೆ ಶೆಟ್ರ ಮುಳಿಹುಲ್ಲಿಗೆ ಗೆದ್ದಲು ಹಿಡೀತದೆ.”

ಪದ್ಮಾಕ್ಷಿ ಟೀಚರು ರಾತ್ರಿಯ ಊಟವನ್ನು ಅರ್ಧ ಮಾಡಿದರು. ಸೇಸಮ್ಮ ಹೇಳಿದ್ದು ಬಾಗಿಲಿನ ಬಗ್ಗೆ ಎಂದು ಮೊದಲು ತಿಳಿದಿದ್ದರು. ಎಲೆ ಎತ್ತುವಾಗ ಅದು ಮಾಡಿನ ಬಗ್ಗೆ ಎಂದು ಹೊಳೆಯಿತು. ಬಾಗಿಲು ಎಲ್ಲಿಯವರೆಗೆ ಇಲ್ಲವೋ ಅಲ್ಲಿಯವರೆಗೆ ಎರಡು ಕಡೆಯವರಿಗೂ ಅದು ತಮ್ಮ ಕಡೆಗೇ ಬರುತ್ತದೆಂಬ ಆಸೆ. ಆಸೆ ಇರುವವರೆಗೆ ಕೆಲಸ.

ಐದನೆಯ ಆದಿತ್ಯವಾರ ಶೆಟ್ಟರು ಟೀಚರನ್ನು ಪಕ್ಕಕ್ಕೆ ಕರೆದರು. “ನೀವು ಓದಿದವರು. ಮೂಡಕ್ಕೇ ಅಲ್ವಾ ಶಾಸ್ತ್ರ?”

“ನೋಡುವ ಶೆಟ್ರೇ” ಎಂದರು ಟೀಚರು.

ಅರ್ಧ ಗಂಟೆ ಬಿಟ್ಟು ಹುಕ್ರಪ್ಪ ಕೈ ತೊಳೆದುಕೊಂಡು ಬಂದ. “ಟೀಚರೇ, ನೀವೊಂದು ಮಾತು ಹೇಳಿದರೆ ಧನಿಗಳು ಕೇಳ್ತಾರೆ.”

“ನೋಡುವ ಹುಕ್ರಪ್ಪಣ್ಣ.”

ಎರಡು ವರ್ಷದಿಂದ ಅವರನ್ನು ‘ಮೂಡಬಿದಿರೆಯ ಟೀಚರು’ ಎನ್ನುತ್ತಿದ್ದ ಊರು ಆ ದಿನದಿಂದ ‘ನಮ್ಮ ಟೀಚರು’ ಎನ್ನತೊಡಗಿತು.

ಕೆಲಸಕ್ಕೆ ವೇಗ ಬಂದದ್ದು ಆಮೇಲೆಯೇ. ಬೈಲಿನಿಂದ ಮನೆಗೆ ಇಬ್ಬರ ಬದಲು ಮೂವರು ಬಂದರು. ಬೆಟ್ಟಿನ ಗಂಜಿಗೆ ಹಲಸಿನಕಾಯಿ ಪಲ್ಯ ಸೇರಿತು. ಮುಂದಿನ ವಾರ ಬೈಲಿನ ಗಂಜಿಗೆ ಒಣಮೀನಿನ ಚಟ್ನಿ ಬಂದು ಬೆಟ್ಟಿನ ಪಲ್ಯವನ್ನು ಸೋಲಿಸಿತು. ಮಣ್ಣಿನ ಕೆಲಸವನ್ನು ಕಣ್ಣಿನಲ್ಲಷ್ಟೇ ಮಾಡಿದ್ದ ಶೆಟ್ಟರ ದಾಯಾದಿಗಳೂ ಆರನೆಯ ವರಸೆಗೆ ಶರಟು ಬಿಚ್ಚಿ ಸಾಲಿನಲ್ಲಿ ನಿಂತರು. ಮೊಯ್ದೀನ್ ಯಾರಲ್ಲೂ ಕೇಳದೆ ಮೂಡು ಗೋಡೆಯಲ್ಲೊಂದು, ಪಡು ಗೋಡೆಯಲ್ಲೊಂದು ಹಲಸಿನ ಹಲಗೆಯನ್ನು ಅಡ್ಡಕ್ಕೆ ಹೂತರು. ಮೇಲಿನ ಭಾರವನ್ನು ಹಲಗೆ ಹೊತ್ತರೆ ಕೆಳಗೆ ಯಾವಾಗ ಬೇಕಾದರೂ ಕೊರೆಯಬಹುದು. “ಇದು ಎಂತಕ್ಕೆ ಎರಡು?” ಎಂದು ಕೇಳಿದವರಿಗೆ “ಗೋಡೆಗೆ ಬಲಕ್ಕೆ” ಎಂದರು.

ಮೇ ತಿಂಗಳಲ್ಲಿ ಮಾಡು ಏರಿತು. ಶೆಟ್ಟರ ಮುಳಿಹುಲ್ಲಿಗೆ ಗೆದ್ದಲು ಹಿಡಿಯಲಿಲ್ಲ. ಬರೆಯ ಮೇಲಿಂದ ಬಡಗು ಗೋಡೆಯ ತಲೆಗೆ ಅಡಕೆ ಮರದ ಉದ್ದದ ಸಂಕವನ್ನು ಸೇತುವೆಯಂತೆ ಹಾಕಿ, ಆ ಮೂಲೆಯಲ್ಲಿ ಒಬ್ಬರು ನುಗ್ಗುವಷ್ಟು ಜಾಗ ಹುಲ್ಲು ಹೊದಿಸದೆ ಬಿಟ್ಟು, ಒಳಗೆ ಏಣಿ ಇಟ್ಟಿದ್ದರು. ರಜೆಯಲ್ಲಿದ್ದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕಿರಲಿಲ್ಲ.

ಜೂನ್ ಮೊದಲ ವಾರ ಬರುತ್ತೇನೆಂದಿದ್ದ ಇನ್‌ಸ್ಪೆಕ್ಟರರು ಮೇ ಇಪ್ಪತ್ತೆರಡರ ಗುರುವಾರ ಬೆಳಿಗ್ಗೆಯೇ ಬಂದರು. ಜೂನಿನಲ್ಲಿ ಅವರ ಮಗಳ ಮದುವೆ. ಬಸ್ಸಿಳಿದು ಮೂರು ಮೈಲಿ ನಡೆದು, ಕೊಡೆ ಊರಿಕೊಂಡು ಪದವಿಗೆ ಹತ್ತಿದಾಗ ಅವರಿಗೆ ಮೊದಲು ಕಂಡದ್ದು ತೆಂಕಣ ಗೋಡೆ. ಅಚ್ಚುಕಟ್ಟಾದ ಕೆಂಪು ಗೋಡೆ, ಹೊಸ ಮುಳಿಯ ಮಾಡು. ಅವರು ಮೆಚ್ಚಿ ತಲೆಯಾಡಿಸಿದರು. ಮೂಡಕ್ಕೆ ಬಂದರು. ಬಡಗಕ್ಕೆ ಹೋದರು. ಪಡುವಕ್ಕೆ ತಿರುಗಿ ಪುನಃ ತೆಂಕಕ್ಕೇ ಬಂದು ನಿಂತರು. ಅಷ್ಟರಲ್ಲಿ ಟೀಚರು ಓಡಿ ಬಂದಿದ್ದರು. ಊರೂ ಹಿಂದೆಯೇ ಬಂತು.

“ಒಂದು ಸುತ್ತು ಬಂದೆ” ಎಂದರು ಇನ್‌ಸ್ಪೆಕ್ಟರರು. “ಬಾಗಿಲು ತಪ್ಪಿಹೋಯಿತೋ ಏನೋ.”

“ಇಲ್ಲಿ ಬರ್ತದೆ” ಎಂದು ಶೆಟ್ಟರು ಮೂಡು ಗೋಡೆಯನ್ನು ತಟ್ಟಿದರು.

“ಇಲ್ಲಿಯೂ ಆಗ್ತದೆ” ಎಂದು ಪಡು ಬದಿಯಿಂದ ಹುಕ್ರಪ್ಪನ ಸ್ವರ ಬಂತು.

ಇನ್‌ಸ್ಪೆಕ್ಟರರು ಬಂಟ್ವಾಳದವರು, ಇಪ್ಪತ್ತೊಂದು ವರ್ಷ ಹಳ್ಳಿ ತಿರುಗಿದವರು. ಅತ್ತಲೂ ಇತ್ತಲೂ ನೋಡಿ, ಹೆಚ್ಚು ಕೇಳಿದರೆ ಮಧ್ಯಾಹ್ನದ ಬಸ್ಸು ತಪ್ಪುತ್ತದೆಂದು ತಿಳಿದುಕೊಂಡರು. ಸಂಕ ದಾಟಲು ಮಂಡಿ ಒಪ್ಪುತ್ತಿರಲಿಲ್ಲ. “ಮಕ್ಕಳು?” ಎಂದರು.

ಟೀಚರು ಮಕ್ಕಳನ್ನು ಕರೆದರು. ನಲವತ್ತಮೂರು ಮಕ್ಕಳು ಬರೆ ಹತ್ತಿ, ಸಂಕ ದಾಟಿ, ಮಾಡಿನ ಸಂದಿನಲ್ಲಿ ನುಗ್ಗಿ, ಒಬ್ಬೊಬ್ಬರಾಗಿ ಗೋಡೆಯೊಳಗೆ ಮಾಯವಾದರು. ಇನ್‌ಸ್ಪೆಕ್ಟರರು ಕಿಟಕಿಯ ಸರಳಿಗೆ ಹೊಟ್ಟೆ ತಾಗಿಸಿ ನಿಂತು, ಹೊರಗಿನಿಂದಲೇ ಹಾಜರಿ ಕರೆದರು. ಒಳಗಿನ ಕತ್ತಲೆಯಿಂದ “ಹಾಜರ್” ಬಂತು. ಟೇಪಿನ ತುದಿಯನ್ನು ಸರಳುಗಳ ನಡುವೆ ಒಳಗೆ ಕೊಟ್ಟರು; ಮಕ್ಕಳು ಅದನ್ನು ಆಚೆ ಗೋಡೆಗೆ ಒತ್ತಿ ಹಿಡಿದರು. ಉದ್ದ ಮೂವತ್ತಡಿ ಎರಡು ಅಂಗುಲ. ಅಗಲ ಇಪ್ಪತ್ತು.

ಆಮೇಲೆ ಕಲ್ಲಿನ ಮೇಲೆ ಕೂತು ಫಾರಮು ತೆಗೆದರು. ರಾಜ್ಯ ಹೊಸತಾಗಿತ್ತು, ಫಾರಮೂ ಹೊಸತು, ಹದಿನೇಳು ಕಾಲಮುಗಳಿದ್ದವು. ಗೋಡೆ ಯಾವುದರದು, ಮಾಡು ಯಾವುದರದು, ಕಿಟಕಿಗಳೆಷ್ಟು, ಕುಡಿಯುವ ನೀರು ಎಷ್ಟು ದೂರ, ಹತ್ತಿರದಲ್ಲಿ ಶೇಂದಿ ಅಂಗಡಿ ಉಂಟೇ. ಟೀಚರು ಹಿಂದೆ ನಿಂತು ಒಂದೊಂದೇ ಕಾಲಮು ತುಂಬುವುದನ್ನು ನೋಡಿದರು. ಹದಿನೇಳನೆಯದು ಮುಗಿಯಿತು. ಬಾಗಿಲಿನ ಪ್ರಶ್ನೆ ಬರಲಿಲ್ಲ. ಬಾಗಿಲಿಲ್ಲದ ಕಟ್ಟಡವನ್ನು ಯಾರಾದರೂ ಕಟ್ಟಿಯಾರೆಂದು ಫಾರಮು ಬರೆದವರಿಗೆ ತೋಚಿರಲಿಲ್ಲ. ಇನ್‌ಸ್ಪೆಕ್ಟರರು ಫಾರಮನ್ನು ಮಗುಚಿ ಹಿಂದೆಯೂ ನೋಡಿದರು. ಷರಾದಲ್ಲಿ ‘ಕಟ್ಟಡ ಭದ್ರವಾಗಿದೆ’ ಎಂದು ಬರೆದು ಸಹಿ ಹಾಕಿದರು.

“ಕಾಯಂ ಮಾಡಲು ಶಿಫಾರಸು ಮಾಡ್ತೇನೆ. ಆರ್ಡರು ಅಂಚೆಯಲ್ಲಿ ಬರ್ತದೆ” ಎಂದು ನಕಲನ್ನು ಟೀಚರ ಕೈಗೆ ಕೊಟ್ಟು, ದನಿ ತಗ್ಗಿಸಿ, “ಶಾಲೆ ಶುರುವಾಗುವ ಮೊದಲು ಮಕ್ಕಳನ್ನು ಒಮ್ಮೆ ಹೊರಗೆ ತೆಗೆಯಿರಿ” ಎಂದರು.

ಅವರು ಪದವು ಇಳಿದರು, ಕೊಡೆಯ ತುದಿಯೂ ಮರೆಯಾಯಿತು. ಆಮೇಲೆ ಎಲ್ಲರೂ ಟೀಚರ ಕಡೆ ನೋಡಿದರು. ಗೋಡೆ ಎದ್ದಿತ್ತು, ಮಾಡು ಕೂತಿತ್ತು, ಕಾಗದ ಕೈಯಲ್ಲಿತ್ತು. ಟೀಚರಿಗೆ ಇನ್ನು ಕಾಯಬೇಕಾದ ಕಾರಣ ಇರಲಿಲ್ಲ.

“ಮೊಯ್ದೀನ್ ಬ್ಯಾರಿಗಳೇ, ಪಿಕ್ಕಾಸು ಉಂಟಾ?”

“ಉಂಟು. ಯಾವ ಕಡೆ?”

“ಪಡುವ.”

ಸಂಕಪ್ಪ ಶೆಟ್ಟರು ಹೆಗಲ ವಸ್ತ್ರ ಸರಿಮಾಡಿಕೊಂಡರು. “ಟೀಚರೇ, ಈ ಊರಿನಲ್ಲಿ ಮಳೆ ಬರುವುದು ಪಡುವಣದಿಂದ.”

“ಮಕ್ಕಳೂ ಅಲ್ಲಿಂದಲೇ ಬರುವುದು ಶೆಟ್ರೇ. ನಲವತ್ತಮೂರರಲ್ಲಿ ಮೂವತ್ತೊಂದು.”

ಇಷ್ಟು ನೇರವಾದ ಮಾತು ಕಂಚಿಲಪದವಿನಲ್ಲಿ ರೂಢಿ ಇರಲಿಲ್ಲ. ಹುಕ್ರಪ್ಪನಿಗೇ ಮುಜುಗರವಾಗಿ, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕಾಲಿನ ಒಣ ಮಣ್ಣನ್ನು ಕೆರೆಯತೊಡಗಿದ. ಮೊಯ್ದೀನ್ ಪಡು ಗೋಡೆಯ ಹಲಗೆಯ ಕೆಳಗೆ ಪಿಕ್ಕಾಸು ಹಾಕಿದರು. ಮಣ್ಣು ಕಲ್ಲಾಗಿತ್ತು, ಒಂದಾಳಿನ ದಾರಿ ಬಿಡಲು ಸಂಜೆಯಾಯಿತು. ನಲವತ್ತಮೂರು ಮಕ್ಕಳು ಅದರಲ್ಲಿ ಹೊರಗೆ ಬಂದರು, ಪುನಃ ಒಳಗೆ ಹೋದರು, ಪುನಃ ಬಂದರು.

ಶೆಟ್ಟರು ಕೋಪಿಸಿಕೊಳ್ಳಲಿಲ್ಲ. ಬಾಗಿಲ ಹಲಗೆ ತರಲು ಹೋದ ಹುಕ್ರಪ್ಪನಿಗೆ ಬೆಲ್ಲ ನೀರು ಕೊಡಿಸಿ ಮೃದುವಾಗಿ ಹೇಳಿದರು, “ಅದು ನಮ್ಮ ಹಳೆ ಮನೆಯ ಬಾಗಿಲು. ಎಪ್ಪತ್ತು ವರ್ಷ ಮೂಡಕ್ಕೆ ಮುಖ ಮಾಡಿ ನಿಂತದ್ದು. ಈಗ ಈ ಪ್ರಾಯದಲ್ಲಿ ಪಡುವಕ್ಕೆ ತಿರುಗಿಸಿದರೆ ಅದಕ್ಕೆ ಆಗ್ಲಿಕ್ಕಿಲ್ಲ.”

“ಮರ ಧನಿಗಳೇ ಅದು.”

“ಮರಕ್ಕೂ ಅಭ್ಯಾಸ ಅಂತ ಉಂಟು ಹುಕ್ರಪ್ಪ.”

ಹಾಗೆ ಜೂನಿನಲ್ಲಿ ಶಾಲೆ ತೆರೆದಾಗ ಬಾಗಿಲಿನ ಜಾಗ ಇತ್ತು, ಬಾಗಿಲು ಇರಲಿಲ್ಲ. ಹುಕ್ರಪ್ಪ ತೆಂಗಿನ ಮಡಲಿನ ತಟ್ಟಿ ಹೆಣೆದು ಕಟ್ಟಿದ. ಎರಡನೆಯ ದಿನದ ಗಾಳಿಗೆ ಅದು ಬೈಲಿಗೆ ಹಾರಿತು. ಶೆಟ್ಟರು ಹೇಳಿದ ಮಳೆ ಹೇಳಿದ ದಿಕ್ಕಿನಿಂದಲೇ ಬಂತು. ಮೂರನೆಯ ಸಾಲಿನವರೆಗೆ ಚಾಪೆ ನೆನೆಯಿತು. ಕೊನೆಗೆ ಟೀಚರು ಇಲಾಖೆ ಕೊಟ್ಟಿದ್ದ ಕರಿಹಲಗೆಯನ್ನು ಎತ್ತಿ ಬಾಗಿಲ ಜಾಗಕ್ಕೆ ಒರಗಿಸಿ, ಎರಡು ಕಲ್ಲು ಒತ್ತುಕೊಟ್ಟರು. ಅಳತೆ ಹೆಚ್ಚುಕಡಿಮೆ ಸರಿಹೋಯಿತು. ಮಕ್ಕಳನ್ನು ಪಡುವಕ್ಕೆ ಮುಖ ಮಾಡಿಸಿ ಪಾಠ ಮಾಡಿದರು. ತಡವಾಗಿ ಬಂದವರು ಹಲಗೆ ತಟ್ಟಬೇಕಿತ್ತು. ಆಗ ಭಾಗಾಕಾರ ನಿಲ್ಲುತ್ತಿತ್ತು, ಕಲ್ಲು ಸರಿಸಿ ಅವರನ್ನು ಒಳಗೆ ಬಿಟ್ಟ ಮೇಲೆ ಮುಂದುವರಿಯುತ್ತಿತ್ತು. ಮಳೆ ಬಂತೆಂದು ಮಾತ್ರ ಯಾರೂ ಎದ್ದು ಮನೆಗೆ ಓಡಲಿಲ್ಲ.

ಆರ್ಡರು ಬರಲಿಲ್ಲ. ಜೂನು ಮುಗಿಯಿತು. ದಮಯಂತಿಗೆ ಹೆಣ್ಣುಮಗುವಾಯಿತು, ‘ಇನ್ನೂ ಎಂತ ಕಾಯುವುದು?’ ಎಂದು ಕಾಗದ ಬಂತು. ಟೀಚರು ಉತ್ತರ ಬರೆಯಲು ಕೂತು, ಶಾಯಿ ಒಣಗಿತೆಂದು ಎದ್ದರು. ಮರುದಿನವೂ ಹಾಗೆಯೇ ಆಯಿತು.

ಊರಿನ ಅಂಚೆಯೆಲ್ಲ ಹಿಂದಿನಿಂದ ಬಂದ ಕ್ರಮದಂತೆ ಶೆಟ್ಟರ ಮನೆಗೆ ಬಂದು ಅಲ್ಲಿಂದ ಹಂಚಿಕೆಯಾಗುತ್ತಿತ್ತು. ಸಾಮಾನ್ಯವಾಗಿ ಒಕ್ಕಲಿನ ಯಾರಾದರೂ ತಂದು ಕೊಡುತ್ತಿದ್ದರು. ಜುಲೈ ಎರಡನೆಯ ವಾರದ ಒಂದು ಬೆಳಿಗ್ಗೆ, ಮಳೆ ಕೊಡೆಯನ್ನು ಲೆಕ್ಕಕ್ಕೇ ಇಡದೆ ಸುರಿಯುತ್ತಿದ್ದಾಗ, ಕರಿಹಲಗೆಯನ್ನು ಯಾರೋ ತಟ್ಟಿದರು. ಮಕ್ಕಳು ತಟ್ಟುವ ಎತ್ತರದಲ್ಲಲ್ಲ. ಟೀಚರು ಕಲ್ಲು ಸರಿಸಿ ಹಲಗೆ ಓರೆಮಾಡಿದರು. ಸಂಕಪ್ಪ ಶೆಟ್ಟರು ನಿಂತಿದ್ದರು. ಬೆಟ್ಟಿನಿಂದ ಇಳಿದು, ಬಾಗಿಲಿಲ್ಲದ ಮೂಡು ಗೋಡೆಯನ್ನು ಸುತ್ತಿ ಬಂದು ಸೊಂಟದವರೆಗೆ ನೆನೆದಿದ್ದರು. ಅಂಗಿಯ ಒಳಗಿನಿಂದ ಒಂದು ಕಂದು ಲಕೋಟೆ ತೆಗೆದರು.

“ನಿಮಗೆ. ಸರಕಾರದ್ದು.”

ಲಕೋಟೆಯ ಮೇಲಿನ ಅಂಚೆ ಮುದ್ರೆಗೆ ಹದಿಮೂರು ದಿನವಾಗಿತ್ತು. ಟೀಚರು ಮುದ್ರೆಯನ್ನು ನೋಡಿದರು. ಶೆಟ್ಟರೂ ನೋಡಿದರು.

“ಆವತ್ತಿನಿಂದ ಮಳೆ ಬಿಡ್ಲೇ ಇಲ್ಲ ಅಲ್ವಾ” ಎಂದರು ಶೆಟ್ಟರು.

“ಹೌದು. ಒಳಗೆ ಬನ್ನಿ, ನೆನೀತೀರಿ.”

ಶೆಟ್ಟರು ಒಳಗೆ ಬಂದರು. ಒಳಗೆ ಕುರ್ಚಿ ಒಂದೇ ಇತ್ತು, ಅದು ಮಾಡು ಸೋರುವಲ್ಲಿ ಇತ್ತು. ಒಣಗಿದ ಜಾಗವಿದ್ದದ್ದು ಮೂಡು ಗೋಡೆಯ ಬುಡದ ಕೊನೆಯ ಸಾಲಿನಲ್ಲಿ. ಅಲ್ಲಿ ಕೂತಿದ್ದ ಹುಕ್ರಪ್ಪನ ಮೊಮ್ಮಗಳು ಏನೂ ಕೇಳದೆ ಸ್ವಲ್ಪ ಸರಿದಳು. ಶೆಟ್ಟರು ಒಂದು ಗಳಿಗೆ ನಿಂತರು. ಆಮೇಲೆ ಮುಂಡು ಹಿಂಡಿ, ಚಾಪೆಯ ಮೇಲೆ ಕಾಲು ಮಡಚಿ ಕೂತರು.

ಪದ್ಮಾಕ್ಷಿ ಟೀಚರು ಲಕೋಟೆ ಬಿಡಿಸಿ ಓದಿದರು. ಶಾಲೆ ಕಾಯಂ, ಹುದ್ದೆ ಕಾಯಂ. ಕೆಳಗೆ ಅವರ ಹೆಸರು, ಒಂದು ಅಕ್ಷರ ತಪ್ಪಾಗಿ. ಮಡಚಿ ಹಾಜರಿ ಪುಸ್ತಕದೊಳಗೆ ಇಟ್ಟರು. ಹಲಗೆಗೆ ಕಲ್ಲು ಒತ್ತುಕೊಡಲು ಎರಡು ಸಲ ಬೇಕಾಯಿತು. ಸುಣ್ಣದ ಕಡ್ಡಿ ಎತ್ತಿಕೊಂಡು, ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಮಕ್ಕಳನ್ನು ಕೇಳಿದರು.

“ಹದಿಮೂರರ ಮಗ್ಗಿ ಟೀಚರ್” ಎಂದವು ಮಕ್ಕಳು.

ಮಳೆಯ ಸದ್ದಿಗಿಂತ ಮೇಲೆ ಕೇಳಿಸಬೇಕಾದ್ದರಿಂದ ಎಲ್ಲರೂ ಗಟ್ಟಿಯಾಗಿ ಹೇಳಿದರು. ಹದಿಮೂರೇಳ್ಲ ತೊಂಬತ್ತೊಂದರವರೆಗೆ ಶೆಟ್ಟರು ಕೇಳಿಸಿಕೊಂಡರು. ಎಂಟಕ್ಕೆ ಬರುವಾಗ ಅವರ ತುಟಿಯೂ ಅಲುಗುತ್ತಿತ್ತು. ಪಕ್ಕದಲ್ಲಿದ್ದ ಹುಡುಗಿಗೆ ಅದು ಕೇಳಿಸಿತು. ನೂರನಾಲ್ಕು ಎನ್ನಬೇಕಾದಲ್ಲಿ ಅವರು ಒಂದು ಹೆಚ್ಚು ಹೇಳಿದರು. ಅವಳು ತಿದ್ದಿದಳು.